ನೆರಳಿನ ಹೊತ್ತಿನ ಪಾಠಕ್ಕೂ ಹಾಜರಿ ಕೊಡಿ

ನಿಜವಾದ ಕಿಟಕಿಗೆ ಪ್ಲೈವುಡ್ ಹೊಡೆಸಿ, ಅದರ ಮೇಲೆ ಕಿಟಕಿಯ ಚಿತ್ರ ಅಂಟಿಸಿದ ಕಲಿಕಾ ಪರಿಸರ ವಿನ್ಯಾಸ ವಿಭಾಗದ ಮುಖ್ಯಸ್ಥರೇ,

ರಾಮಗಿರಿ ಪಕ್ಕದ ನಮ್ಮ ಹಟ್ಟಿಯ ಮೇಘಶ್ರೀ ಮಾರ್ಚ್‌ನಲ್ಲಿ ಹತ್ತನೇ ತರಗತಿಯ ಪರೀಕ್ಷೆಗೆ ಕೂರುವಂತಿಲ್ಲವೆಂದು ತಮ್ಮ ವಿಭಾಗದಿಂದ ಪತ್ರ ಬಂದಿದೆ. ಹಾಜರಾತಿ ಶೇಕಡ ಐವತ್ತೆಂಟು ಮಾತ್ರವಂತೆ. ಮೇಘಶ್ರೀ ಚಿತ್ತಪ್ಪ ಎಂಬ ನನ್ನ ದೊಡ್ಡಪ್ಪನ ಮಗಳು. ಅವಳು ಒಂದು ಪಾಠವನ್ನೂ ಬಿಟ್ಟಿಲ್ಲ ಎಂಬುದಕ್ಕೆ ಆರು ನೋಟ್‌ಬುಕ್ ಸಾಕ್ಷಿ ಇವೆ. ಹಾಗಿದ್ದೂ ಅವಳು ಗೈರುಹಾಜರಾದದ್ದು ಹೇಗೆ ಎಂಬುದರಲ್ಲಿ ತಮ್ಮ ಪಾಲು ದೊಡ್ಡದು, ನನ್ನ ಪಾಲು ನಾಚಿಕೆಗೇಡಿನದು. ಎರಡನ್ನೂ ಸಾರ್ವಜನಿಕರ ಸಮ್ಮುಖದಲ್ಲಿ ವಿನಯಪೂರ್ವಕ ನಿವೇದಿಸಿಕೊಳ್ಳುತ್ತೇನೆ.

ತಮ್ಮ ಕೊಠಡಿಯಿಂದಲೇ ಶುರು ಮಾಡೋಣ. ಕಳೆದ ಜೂನ್‌ನಲ್ಲಿ ನಮ್ಮ ಪ್ರೌಢಶಾಲೆಯ ಮೂಲೆಯ ಕೊಠಡಿಯನ್ನು ತಾವು ಸ್ಮಾರ್ಟ್ ಮಾಡಿದಿರಿ. ಪರದೆ ಚೆನ್ನಾಗಿ ಕಾಣಲು ಕತ್ತಲೆ ಬೇಕೆಂದು ಎರಡೂ ಕಿಟಕಿ ಮುಚ್ಚಿಸಿದಿರಿ. ಆ ಕಿಟಕಿಗಳಲ್ಲಿ ರಾಮಗಿರಿಯ ಬೆಟ್ಟ ಕಾಣುತ್ತಿತ್ತು. ಈಗ ಅಲ್ಲೊಂದು ಫ್ಲೆಕ್ಸ್ ಇದೆ. ಅದರಲ್ಲೊಂದು ಕಿಟಕಿ, ಕಿಟಕಿಯಾಚೆ ಹಿಮ ಬಿದ್ದ ಬೆಟ್ಟ, ಬೆಟ್ಟದ ಕೆಳಗೆ ‘ಪ್ರಕೃತಿಯೇ ಗುರು’ ಎಂಬ ಬರಹ. ಬೆಂಚುಗಳನ್ನು ನೆಲಕ್ಕೆ ಬೋಲ್ಟ್ ಹಾಕಿ ಕೂರಿಸಿದ್ದೀರಿ. ಅವು ಪರದೆಗೂ ಮುಖ ಮಾಡಿಲ್ಲ, ಬೋರ್ಡಿಗೂ ಮಾಡಿಲ್ಲ, ಓರೆಯಾಗಿ ಬಾಗಿಲ ಕಡೆ ತಿರುಗಿವೆ. ನನಗೆ ಹುಟ್ಟುಗುಣವಾಗಿ ಅನುಮಾನ ಜಾಸ್ತಿ. ಹೋಗಿ ಬಾಗಿಲಲ್ಲಿ ಮೊಬೈಲ್ ಹಿಡಿದು ನಿಂತೆ. ಅಲ್ಲಿಂದ ನಲವತ್ತು ಮಕ್ಕಳ ಮುಖ, ಪರದೆ, ಹಿಮದ ಬೆಟ್ಟ ಎಲ್ಲವೂ ಒಂದೇ ಫೋಟೊದಲ್ಲಿ ಅಚ್ಚುಕಟ್ಟಾಗಿ ಕೂರುತ್ತವೆ! ಸ್ವಾಮಿ, ಈ ಕೊಠಡಿ ಕಲಿಯುವವರಿಗೋ, ಬಂದು ಫೋಟೊ ತೆಗೆದುಕೊಂಡು ಹೋಗುವವರಿಗೋ? ಹನ್ನೊಂದಕ್ಕೆ ಕರೆಂಟು ಹೋದರೆ ಒಳಗೆ ಪಕ್ಕದವರ ಮುಖ ಕಾಣದು. ಆಗ ಮುರುಗೇಶಪ್ಪ ಮೇಷ್ಟ್ರು ಸೀಮೆಸುಣ್ಣ ಹಿಡಿದು ಎದ್ದು, “ಬರ್ರಿ, ಜಗಲಿಗೆ ಹೋಗಾಣ. ಅಲ್ಲಿ ಸೂರ್ಯ ಇನ್ನೂ ಕೆಲ್ಸ ಮಾಡ್ತಾ ಅವ್ನೆ” ಎನ್ನುತ್ತಾರೆ.

ಇರಲಿ, ಕೊಠಡಿ ಇದ್ದಲ್ಲೇ ಇರುತ್ತದೆ, ಬೈಯಲು ಯಾವಾಗ ಬೇಕಾದರೂ ಸಿಗುತ್ತದೆ. ನಡೆದಾಡುವ ಶಾಲೆಯೊಂದನ್ನೂ ತಾವು ವಿನ್ಯಾಸ ಮಾಡಿದಿರಲ್ಲ, ಅಸಲು ಕಥೆ ಅಲ್ಲಿದೆ. ದೀಪಾವಳಿ ಕಳೆದರೆ ನಮ್ಮ ಕುರಿಮಂದೆಗಳು ಹಿರಿಯೂರಿನ ಕಡೆ, ಬಬ್ಬೂರಿನ ಸುತ್ತ ಹೋಗುತ್ತವೆ. ಕೊಯ್ಲಾದ ಹೊಲದಲ್ಲಿ ರಾತ್ರಿ ಮಂದೆ ತಂಗಿದರೆ ಹೊಲಕ್ಕೆ ಗೊಬ್ಬರ, ನಮಗೆ ಕಾಳು. ಮಂದೆಯ ಹಿಂದೆ ಮನೆಮಂದಿ, ಮನೆಮಂದಿಯ ಹಿಂದೆ ಮಕ್ಕಳು. ಆ ಮಕ್ಕಳಿಗೆಂದು ತಾವು ಎಂಟು ಟ್ಯಾಬ್ ಕಳಿಸಿದಿರಿ. ಸಂತೋಷ. ಬೆಳಿಗ್ಗೆ ಹತ್ತಕ್ಕೆ ನೇರಪಾಠ, ಕ್ಯಾಮೆರಾ ತೆರೆದಿಟ್ಟರೆ ಮಾತ್ರ ಹಾಜರಿ ಎಂದಿರಿ. ಕುರಿಗಳು ತಲೆ ಬಗ್ಗಿಸಿ ಮೇಯುತ್ತ ದಾರಿ ತಪ್ಪುವ ಹೊತ್ತೇ ಅದು ಎಂದು ತಮಗೆ ಯಾರೂ ಹೇಳಲಿಲ್ಲವೇ? ಅಥವಾ ತಾವು ಯಾರನ್ನೂ ಕೇಳಲಿಲ್ಲವೇ? ದೊಡ್ಡಪ್ಪ ಮೊದಲ ವಾರದಲ್ಲೇ ಫೋನಿನಲ್ಲಿ ಹೇಳಿದ: “ಇವ್ಳು ಹತ್ತು ಗಂಟೇಲಿ ಆ ಹಲಗೆ ನೋಡ್ಕಂತ ಕುಂತ್ರೆ ಕುರಿ ಮೆಣಸಿನ ಗಿಡದಾಗೆ ಇರ್ತಾವೆ. ಆಮ್ಯಾಕೆ ಹೊಲದೋರು ಬಂದು ನಂಗೆ ಪಾಠ ಮಾಡ್ತಾರೆ ಕಣಲೇ!”

ಬಿಸಿಲೇರಿದ ಮೇಲೆ ಕುರಿಗಳು ಮರದಡಿ ಸೇರಿ, ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ತೂರಿಸಿ ನಿಂತುಬಿಡುತ್ತವೆ. ಹೆಚ್ಚುಕಮ್ಮಿ ಎರಡು ಗಂಟೆ ಕದಲುವುದಿಲ್ಲ. ಮಂದೆ ಕಾಯುವವರ ಕೈ ಬಿಡುವಾಗುವುದು ಆಗಲೇ. ಮೇಘಶ್ರೀ ಆ ನೆರಳಿನ ಹೊತ್ತಿನಲ್ಲಿ ಬೆಳಗಿನ ಪಾಠದ ರೆಕಾರ್ಡಿಂಗನ್ನು ಟ್ಯಾಬಿನಲ್ಲಿ ಹಾಕಿಕೊಂಡು ನೋಡಿ, ಲೆಕ್ಕ ಬಿಡಿಸಿ, ನೋಟ್‌ಬುಕ್ಕಿನ ಫೋಟೊವನ್ನು ಮೇಷ್ಟ್ರಿಗೆ ಕಳಿಸುತ್ತಿದ್ದಳು. ಅವರು ತಿದ್ದಿ ವಾಪಸು ಕಳಿಸಿ, ಪಟ್ಟಿಯಲ್ಲಿ ‘ನೆರಳಿನ ಹೊತ್ತಿನಲ್ಲಿ ಹಾಜರು’ ಎಂದು ಬರೆಯುತ್ತಿದ್ದರು. ತಮ್ಮ ವಿಭಾಗದ ಯಾರೂ ಕೂರದ ಆ ಶಾಲೆಯಲ್ಲಿ ಪಾಠ ನಿಜವಾಗಿ ನಡೆಯುತ್ತಿತ್ತು.

ಈಗ ನನ್ನ ಪಾಲು. ತೆರೆದಿಟ್ಟ ಆ ಕ್ಯಾಮೆರಾದ ಆಚೆ ಯಾರು ಕೂತಿದ್ದಾರೆ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಕಾಲು ಗಂಟೆಗೊಮ್ಮೆ ಟ್ಯಾಬ್ ತಾನೆಲ್ಲಿದ್ದೇನೆಂದು ತಮಗೆ ವರದಿ ಒಪ್ಪಿಸುತ್ತದೆ. ಹುಡುಗಿ ಯಾವ ಹೊಲದಲ್ಲಿದ್ದಾಳೆಂದು ತಿಳಿದುಕೊಂಡು ತಮಗೆ ಆಗಬೇಕಾದದ್ದೇನು? ಯಾರೋ ಎಲ್ಲವನ್ನೂ ನೋಡುತ್ತಿದ್ದಾರೆ ಎಂದು ಒಂದು ದಿನ ಅನುಮಾನ, ಯಾರೂ ಏನನ್ನೂ ನೋಡುತ್ತಿಲ್ಲ ಎಂದು ಮರುದಿನ ಅನುಮಾನ. ಎರಡರಲ್ಲಿ ಯಾವುದು ನಿಜವೆಂದು ಪರೀಕ್ಷಿಸಲು ಎಂಟನೇ ಟ್ಯಾಬ್ ಸಿಕ್ಕಿತು. ಅದು ಅಂಜನ್ ಎಂಬ ಹುಡುಗನ ಹೆಸರಿಗೆ ಬಂದದ್ದು. ಅವನು ಶಾಲೆ ಬಿಟ್ಟು ಹೊಸದುರ್ಗದ ಸೋದರಮಾವನ ಮನೆಗೆ ಹೋಗಿ ವರ್ಷವಾಗಿತ್ತು. ಮೇಷ್ಟ್ರು ಎರಡು ಸಲ ಬರೆದರೂ ಪಟ್ಟಿಯಿಂದ ಹೆಸರು ತೆಗೆಯಲು ಅವಕಾಶವಿಲ್ಲವೆಂದು ತಾವೇ ಉತ್ತರಿಸಿದ್ದಿರಿ. ಅವಕಾಶವಿಲ್ಲದ ಮೇಲೆ ಸೀಟು ಖಾಲಿ ಬಿಡುವುದು ಸರಿಯೇ? ಕಾಲು ಉಳುಕಿ ಹಟ್ಟಿಯಲ್ಲೇ ಉಳಿದಿದ್ದ ನಮ್ಮ ಟಗರಿನ ಮುಂದೆ, ನನ್ನ ಕಾಲೇಜಿನ ಮೊದಲ ಪಾಠ ತಪ್ಪಿಸಿಕೊಂಡು, ದಿನಾ ಹತ್ತು ಗಂಟೆಗೆ ಟ್ಯಾಬ್ ತೆರೆದಿಟ್ಟೆ. ಟಗರು ಮೆಲುಕು ಹಾಕುತ್ತ ಭೂಗೋಳ ಕೇಳಿತು. ನಲವತ್ತಮೂರು ನೇರಪಾಠಗಳಲ್ಲಿ ನಲವತ್ತೊಂದಕ್ಕೆ ಹಾಜರಾಯಿತು. ಜನವರಿಯಲ್ಲಿ ತಮ್ಮ ವಿಭಾಗದಿಂದ ಅಂಜನ್ ಹೆಸರಿಗೆ ‘ಏಕಾಗ್ರತೆಯ ಕಲಿಕಾರ್ಥಿ’ ಎಂಬ ಪ್ರಶಂಸಾಪತ್ರ ಬಂತು.

ನಾನು ಅಲ್ಲಿಗೆ ನಿಲ್ಲಿಸಬೇಕಿತ್ತು. ನಿಲ್ಲಿಸಲಿಲ್ಲ. ಟಗರಿಗೆ ಚೆಂಡುಹೂವಿನ ಹಾರ ಹಾಕಿ, ಕೋಡಿಗೆ ಪ್ರಶಂಸಾಪತ್ರ ಸಿಕ್ಕಿಸಿ, ಫೋಟೊ ತೆಗೆದು ವಾಟ್ಸಾಪಿಗೆ ಬಿಟ್ಟೆ. ಹೊಳಲ್ಕೆರೆಯ ನನ್ನ ಕಾಲೇಜಿನಿಂದ ದುರ್ಗದವರೆಗೆ ಜನ ನಕ್ಕರು. ತಾವು ನಗಲಿಲ್ಲ. ತನಿಖೆ ಬಂತು, ಮೇಷ್ಟ್ರಿಗೆ ನೋಟಿಸು ಬಂತು, ಹಟ್ಟಿಯ ಟ್ಯಾಬ್‌ಗಳು ದುರ್ಬಳಕೆಯಾಗಿವೆ ಎಂಬ ಕಾರಣಕ್ಕೆ ನೇರಪಾಠದ ಹೊರಗಿನ ಹಾಜರಿಯೆಲ್ಲ ರದ್ದಾಯಿತು. ಗಮನಿಸಿ, ಟಗರು ಕೂತದ್ದು ನೇರಪಾಠಕ್ಕೆ. ಹಾಗಾಗಿ ಅದರ ನಲವತ್ತೊಂದು ದಿನ ಇವತ್ತಿಗೂ ಸಿಂಧು. ರದ್ದಾದದ್ದು ಮರದಡಿ ಕೂತು ಕಲಿತವಳ ದಿನಗಳು. ಮಾನ್ಯರೇ, ನನ್ನ ಕುಚೇಷ್ಟೆ ತಮಗೆ ಸಿಟ್ಟು ತಂದದ್ದು ಸರಿ. ಆದರೆ ತಮ್ಮ ನಿಯಮದ ಕುಚೇಷ್ಟೆಗೆ ಹೋಲಿಸಿದರೆ ನಾನಿನ್ನೂ ಕಲಿಯುವವನು.

ಹೋದ ಭಾನುವಾರ ತಮ್ಮ ಪತ್ರ ಹಿಡಿದು ಬಬ್ಬೂರಿಗೆ ಹೋದೆ. ಮಂದೆ ನೆರಳಿಗೆ ನಿಂತಿತ್ತು. ದೊಡ್ಡಮ್ಮ ಕಾಟಮ್ಮ ನನ್ನನ್ನು ಕಂಡವಳೇ, “ಏನಪ್ಪ ಓಬಳೇಶ, ಊರನ್ನೆಲ್ಲ ನಗಿಸಿದ್ದಾತಾ? ಬಾ, ಇವಳ ಮುಂದೆ ಕುಂತ್ಕಂಡು ಒಂದ್ಸಲ ನಕ್ಕು ತೋರ್ಸು” ಎಂದಳು.

ದೊಡ್ಡಪ್ಪ ಬೈಯಲಿಲ್ಲ. “ದುರ್ಗದಾಗೆ ಹಾಸ್ಟೆಲ್ ಐತೆ, ಪಾಸಾದ್ರೆ ಕಾಲೇಜಿಗೆ ಹಾಕ್ತೀನಿ ಅಂತ ಮಾತು ಕೊಟ್ಟಿದ್ದೆ ಕಣಪ್ಪ” ಎಂದ. “ಈ ವರ್ಷ ತಪ್ಪಿದ್ರೆ ಮುಗೀತು. ಮಂದೆ ಬಿಟ್ಟು ಕಳ್ಸು ಅಂತ ಮನೇಲಿ ಇನ್ನೊಂದು ಸಲ ಒಪ್ಸಕ್ಕೆ ನನ್ ಕೈಲಾಗಲ್ಲ.”

ಮೇಘಶ್ರೀ ತಲೆ ಎತ್ತಲಿಲ್ಲ. ತೊಡೆಯ ಮೇಲೆ ನೋಟ್‌ಬುಕ್ ಇಟ್ಟು ತ್ರಿಕೋನದ ಲೆಕ್ಕ ಬಿಡಿಸುತ್ತಿದ್ದಳು. ಪೆನ್ನು ನಿಲ್ಲಿಸಿ ಕೇಳಿದಳು: “ಅಣ್ಣ, ಪರೀಕ್ಷೆ ಇಲ್ಲ ಅಂದ್ರೆ ಇದನ್ನ ಮುಗಿಸ್ಲೋ ಬ್ಯಾಡ್ವೋ? ಅದನ್ನಾರ ಕೇಳ್ಕಂಡು ಬಾ.”

ಏನಾದರೊಂದು ತಮಾಷೆ ಮಾಡಿ ಜಾರಿಕೊಳ್ಳುವುದು ನನಗೆ ಅಭ್ಯಾಸ. ಅವತ್ತು ಅವಳ ಪ್ರಶ್ನೆಯನ್ನು ತಮ್ಮ ಪತ್ರದ ಹಿಂಬದಿಯಲ್ಲಿ ಬರೆದುಕೊಂಡೆ. ಬಸ್ಸು ಹತ್ತಿ ವಾಪಸು ಬಂದೆ.

ಹಾಗಾಗಿ ತಮ್ಮನ್ನು ಕೇಳುತ್ತಿದ್ದೇನೆ. ಪ್ರವೇಶಪತ್ರಕ್ಕೆ ಹೆಸರು ಕಳಿಸಲು ಫೆಬ್ರವರಿ ಇಪ್ಪತ್ತು ಕೊನೆಯ ದಿನ. ಅಷ್ಟರೊಳಗೆ ಮೇಷ್ಟ್ರು ಬರೆದ ದಿನಗಳನ್ನು ಊರ್ಜಿತಗೊಳಿಸಿ. ಅನುಮಾನವಿದ್ದರೆ, ಇರಲೇಬೇಕು, ತಾವೇ ಒಂದು ಮಧ್ಯಾಹ್ನ ಬಬ್ಬೂರಿಗೆ ಬನ್ನಿ. ಕ್ಯಾಮೆರಾ ಬೇಡ, ಹಿಂದೆ ಫೋಟೊದವರೂ ಬೇಡ. ತಮಗಿಷ್ಟವಾದ ಪ್ರಶ್ನೆಪತ್ರಿಕೆ ತನ್ನಿ, ಮರದ ಬುಡದಲ್ಲಿ ಕೂತು ತಮ್ಮ ಬಾಯಿಂದಲೇ ಕೇಳಿ. ಬರುವುದನ್ನು ಹನ್ನೆರಡೂವರೆ ದಾಟಿಸಬೇಡಿ, ನೆರಳಿನ ಹೊತ್ತು ಮುಗಿದು ಕುರಿ ಎದ್ದರೆ ಅವಳೂ ಎದ್ದು ಹೋಗಬೇಕಾಗುತ್ತದೆ. ನಾನು ಹೇಳಿಕೊಟ್ಟೆನೆಂಬ ಶಂಕೆ ಬಾರದಿರಲೆಂದು ಅವತ್ತು ಪೂರ್ತಿ ತಮ್ಮ ಕಚೇರಿಯ ಬೆಂಚಿನ ಮೇಲೆ ಕೂತಿರುತ್ತೇನೆ. ಅವಳು ಉತ್ತರ ಹೇಳಿದರೆ ಅಲ್ಲೇ ಸಹಿ ಹಾಕಿ. ಆಮೇಲೆ ಕಚೇರಿಗೆ ಬಂದು ನನ್ನ ವಿಚಾರಣೆ ನಡೆಸಿ. ಕಾಲೇಜಿನಿಂದ ತೆಗೆಸುವುದಾದರೆ ತೆಗೆಸಿ, ಪೊಲೀಸರಿಗೆ ಕೊಡುವುದಾದರೆ ಕೊಡಿ. ತಪ್ಪು ಮಾಡಿದವನು ನಾನು, ಪರೀಕ್ಷೆ ಅವಳದ್ದು.

ಇಂತಿ,
ಪರರನ್ನು ನಗಿಸಲು ಹೋಗಿ ಮನೆಯವರಿಗೆ ಮುಖ ತೋರಿಸಲಾಗದೆ ಕುಳಿತಿರುವ,
ಓಬಳೇಶ್
ಬಿ.ಎ. ಎರಡನೇ ವರ್ಷ
(ಶಿಕ್ಷೆಗೆ ಹಾಜರಿದ್ದೇನೆ)