ತುತ್ತೂರಿಯವನ ಉಸಿರು

ಡಾಕ್ಟರಮ್ಮನವರಿಗೆ ನಮಸ್ಕಾರ.

ನಿಮ್ಮ ಸೊಪ್ಪಿನ ಎಣ್ಣೆಯಿಂದ ನನ್ನ ಗಂಡನ ಬೆನ್ನುನೋವು ಇಳಿದದ್ದು ನಿಜ. ಆದರೆ ಅವರ ಶ್ವಾಸಕೋಶವೂ ಸುಧಾರಿಸಿತು ಎಂದು ನಿಮ್ಮ ಸಂಶೋಧನೆಯಲ್ಲಿ ಬರೆಯುತ್ತೀರಂತೆ. ದಯವಿಟ್ಟು ಬರೆಯಬೇಡಿ. ಮೊನ್ನೆ ಉಸಿರು ಅಳೆಯುವ ನಿಮ್ಮ ಯಂತ್ರಕ್ಕೆ ಊದಿದವರು ಅವರಲ್ಲ, ಬ್ಯಾಂಡಿನಲ್ಲಿ ತುತ್ತೂರಿ ಊದುವ ನನ್ನ ತಮ್ಮ. ಮೈಮುಖಕ್ಕೆಲ್ಲ ಕಲ್ಲಿನ ಧೂಳು ಮೆತ್ತಿಕೊಂಡು ಬಂದರೆ ಎಲ್ಲರೂ ಒಂದೇ ಥರ ಕಾಣುತ್ತಾರೆ, ನಿಮ್ಮದೇನೂ ತಪ್ಪಿಲ್ಲ.

"ಯಾಕ್ರೀ ಹೀಗ್ಮಾಡಿದ್ರಿ?" ಎಂದು ಗಂಡನನ್ನು ಕೇಳಿದರೆ, "ಉಸಿರು ಸಾಲಲ್ಲ ಅಂತ ಗೊತ್ತಾದ್ರೆ ಮೇಸ್ತ್ರಿ ನಾಳೆಯಿಂದ ಬರ್ಬೇಡ ಅಂತಾನೆ, ಸುಮ್ನಿರೇ" ಎನ್ನುತ್ತಾರೆ. ತಮ್ಮನೋ, "ಭಾವ ಊದು ಅಂದ್ರು, ಊದ್ದೆ" ಎಂದು ಹಲ್ಲು ಕಿರಿಯುತ್ತಾನೆ. ಇವರಿಬ್ಬರ ಜೊತೆ ಹೆಣಗಿ ಸಾಕುಸಾಕಾಗಿದೆ. ಈಗ ಬೆನ್ನು ನೋಯುತ್ತಿಲ್ಲವಲ್ಲ, ಇನ್ನೂ ಹೆಚ್ಚು ಹೊತ್ತು ಆ ಧೂಳಿನಲ್ಲೇ ನಿಂತು ಕಲ್ಲು ಉಜ್ಜುತ್ತಾರೆ!

ಸೋಮವಾರ ಕಿವಿ ಹಿಂಡಿಯಾದರೂ ಅವರನ್ನೇ ಕರೆತರುತ್ತೇನೆ. ಫಲಿತಾಂಶವನ್ನು ಮೇಸ್ತ್ರಿಗೆ ತೋರಿಸಬೇಡಿ. ಇನ್ನೊಂದು ಮಾತು, ಯಂತ್ರವನ್ನು ಕೆಳಗಿನ ಕೋಣೆಗೆ ತರಿಸಿಡಿ. ಮಹಡಿ ಹತ್ತಿ ಬಂದರೆ ಅವರಿಗೆ ಊದಲು ಉಸಿರೇ ಉಳಿದಿರುವುದಿಲ್ಲ.

ಇಂತಿ,
ದಿನಾ ಆ ಎಣ್ಣೆ ತಿಕ್ಕುವವಳು