ಕೋಟೆ ಬಾಗಿಲಿನ ಬಸುರಿ

ಮಾರ್ಚ್ 3, ಭಾನುವಾರ

ಶಾಲೆಯ ಪರದೆಗಳ ಹೊಲಿಗೆ ಮುಗಿಯಿತು. ಬೆರಳ ತುದಿ ಇನ್ನೂ ಉರಿ. ಮಧ್ಯಾಹ್ನ ಬೌರ್ಸಾಕಿನ ಹಿಟ್ಟಿನುಂಡೆ ಕರಿಯುತ್ತಿದ್ದೆ, ಚಿಕ್ಕ ಸಾಹೇಬ ಬಂದ. ಮೈದುನ. ಸೊಸೆಯಾದವಳು ಅವನ ಹೆಸರು ಹೇಳುವ ಹಾಗಿಲ್ಲ, ಬರೆಯಲೂ ಕೈ ಬರುವುದಿಲ್ಲ. ಅಲ್ಮಾಟಿಯಿಂದ ಒಂದು ದಪ್ಪ ಪುಸ್ತಕ ತಂದಿದ್ದಾನೆ, ಚೀಲದ ತುಂಬ ಚಿತ್ರವಿಚಿತ್ರ ದಾಳ.

ಆಟವಂತೆ. ಮಣೆ ಇಲ್ಲ, ಇಸ್ಪೀಟೆಲೆ ಇಲ್ಲ. ಸುತ್ತ ಕೂತು ಮಾತಾಡುವುದೇ ಆಟ. ಅವನು ಕಥೆ ನಡೆಸುತ್ತಾನೆ, ನಾವು ಅದರೊಳಗಿನ ಜನ. ಏನು ಮಾಡುತ್ತೇವೆ ಎಂದು ನಾವು ಹೇಳಬೇಕು. ಆಯಿತೋ ಇಲ್ಲವೋ, ದಾಳ ಹೇಳುತ್ತದೆ. ಕಥೆ? ಬಾಂಬು ಬಿದ್ದು ಲೋಕ ಮುಗಿದಿದೆ. ಉಳಿದವರು ಬೂದಿಯಲ್ಲಿ ಬದುಕಬೇಕು.

ಪಕ್ಕದ ಮನೆಯ ಲ್ಯೂಬಾ ಚಹಾಕ್ಕೆಂದು ಬಂದವಳು ಅಲ್ಲೇ ಕೂತಳು. "ಬಾಂಬು ಸಿಡಿಸಿದ ಈ ಸೆಮೇಯಲ್ಲಿ ಹುಟ್ಟಿದೋರಿಗೆ ಇದಕ್ಕೆ ಪುಸ್ತಕ ಬೇರೆ ಬೇಕಾ?" ಎಲ್ಲರೂ ನಕ್ಕರು.

ಮೊದಲು ದಾಳ ಹಾಕಿ ಮೈಯ ಊನ ಪಡೆಯಬೇಕು. ಲ್ಯೂಬಾಗೆ ಆರು ಬೆರಳು. ನನ್ನ ಗಂಡ ತಲ್ಗಾತ್‌ಗೆ ಬೋಳು ತಲೆ — ಅಪ್ಪನಿಂದಲೇ ಬರಬೇಕಿತ್ತು, ಬೇಗ ಬಂತು ಅಂದ. ನನಗೆ ಬಂದದ್ದು ಬೆಳೆಯದ ಕಾಲು.

ನಗು ಬರಲಿಲ್ಲ. ಶೋಲ್ಪಾನ್ ಅಕ್ಕನ ಕಾಲು ಕಣ್ಣ ಮುಂದೆ ಬಂತು. ಅಪ್ಪ ಹುಡುಗನಾಗಿದ್ದಾಗ ಹಳ್ಳಿಯಾಚೆ ಮಿಲಿಟರಿಯವರು ಅಣುಬಾಂಬು ಸಿಡಿಸಿ ನೋಡುವ ದಿನ ಎಲ್ಲರನ್ನೂ ಹೊರಗೆ ಬೋರಲು ಮಲಗಿಸುತ್ತಿದ್ದರಂತೆ. ಅಕ್ಕ ಹುಟ್ಟಿದಳು, ಎದ್ದು ನಿಲ್ಲಲೇ ಇಲ್ಲ. ನೆಂಟರು ಬಂದರೆ ಅಮ್ಮ ಅವಳ ಕೋಣೆಯ ಬಾಗಿಲು ಹಾಕುತ್ತಿದ್ದಳು. ಅವಳು ತೀರಿಹೋಗಿ ಎಷ್ಟೋ ವರ್ಷಕ್ಕೆ ತಲ್ಗಾತ್ ಸಿಕ್ಕಿದ್ದು. ಅವಳ ಫೋಟೋ ಕೂಡ ಅವನು ನೋಡಿಲ್ಲ.

ಗುರುವಾರದ ಸ್ಕ್ಯಾನಿನ ವಿಷಯ ಅವನಿಗೆ ಹೇಳಿಲ್ಲ. ಬಸುರಿ ಅನ್ನುವುದನ್ನೇ ಹೇಳಿಲ್ಲ. ಮಗುವಿನ ಯಾವುದೋ ಅಳತೆ ಸರಿಯಿಲ್ಲವಂತೆ. ರಕ್ತ ತೆಗೆದುಕೊಂಡಿದ್ದಾರೆ, ಫೋನ್ ಮಾಡುತ್ತಾರಂತೆ. ಬೇಡ ಅಂದುಬಿಟ್ಟರೆ ಅವನು... ನನಗೆ ಬೇಕು ಇದು.

ಮಾರ್ಚ್ 4

ನಿನ್ನೆಯದು ಅರ್ಧಕ್ಕೇ ಬಿಟ್ಟಿದ್ದೆ. ಆಟದಲ್ಲಿ ಬೂದಿಯೊಳಗೆ ನಡೆದೂ ನಡೆದೂ ಒಂದು ಗುಡಾರ ಸಿಕ್ಕಿತು. ಮುದುಕಿಯೊಬ್ಬಳು ದಾರಿ ತೋರಿಸಿದಳು, ರೊಟ್ಟಿ ಮುಂದಿಟ್ಟಳು. ನಮಗೆ ಹಸಿವಿಲ್ಲ, ಎದ್ದು ಹೊರಟಿದ್ದೇವೆ. ಆದರೂ ಮೂವರೂ ಒಬ್ಬರ ಹಿಂದೊಬ್ಬರು — ಚೂರು ಮುರಿದು ಬಾಯಿಗೆ ಹಾಕಿಕೊಂಡೆವು ಅಂದೆವು.

ಚಿಕ್ಕ ಸಾಹೇಬ ತಲೆ ಮೇಲೆ ಕೈ ಹೊತ್ತ. ರೊಟ್ಟಿಯ ತುಂಬ ವಿಕಿರಣ. ಅದನ್ನು ಅಳೆಯುವ ಯಂತ್ರ ನಮ್ಮ ಚೀಲದಲ್ಲೇ ಇತ್ತಂತೆ. ಒಬ್ಬರಾದರೂ ತೆಗೆಯುತ್ತೀರಿ ಅಂದುಕೊಂಡಿದ್ದೆ, ಪುಸ್ತಕ ಬರೆದವರೂ ಹಾಗೇ ಅಂದುಕೊಂಡಿದ್ದಾರೆ ಅಂದ.

"ಇಟ್ಟ ರೊಟ್ಟಿ ಬಾಯಿಗೆ ಮುಟ್ಟಿಸದೆ ಹೊಸ್ತಿಲು ದಾಟೋದು ಹೆಂಗೋ?" ತಲ್ಗಾತ್‌ಗೆ ನಿಜವಾಗಿಯೇ ಸಿಟ್ಟು. ಆಟದಲ್ಲಿ ಅವನು ಸಾಯದೆ ಉಳಿದದ್ದೇ ಹೆಚ್ಚು. ಇನ್ನು ಮೇಲೆ ಯಾರಿಗೂ ಕರುಣೆ ಇಲ್ಲ ಅಂತ ಗೊಣಗುತ್ತಲೇ ಮಲಗಿದ.

ಮಾರ್ಚ್ 10, ಭಾನುವಾರ

ಆಟದಲ್ಲಿ ಈಗ ನಮ್ಮದೊಂದು ಕೋಟೆ. ತಲ್ಗಾತ್ ಬಾಗಿಲು ಕಾಯುವವನು. ಹೊರಗೊಬ್ಬಳು ಬಂದು ನಿಂತಳು. ತುಂಬು ಬಸುರಿ. ಈ ಸಲ ಯಂತ್ರ ಹಿಡಿದೆವು. ಹೊಟ್ಟೆಯ ಹತ್ತಿರ ಒಂದೇ ಸಮ ಕಿರುಗುಟ್ಟಿತು.

ಬಾಗಿಲು ತೆಗೆಯುತ್ತೀರಾ ಎಂದು ಚಿಕ್ಕ ಸಾಹೇಬ ಕೇಳಿದ. ತಲ್ಗಾತ್ ಯೋಚನೆ ಕೂಡ ಮಾಡಲಿಲ್ಲ.

"ಬೇಡ. ಹುಟ್ಟೋದು ಹೆಂಗಿರುತ್ತೋ ಏನೋ. ಇರೋರಿಗೇ ನೀರಿಲ್ಲ."

ಲ್ಯೂಬಾ ಕೂಡ ಹೂಂಗುಟ್ಟಿದಳು. ನಾನು ಚಹಾದ ನೆಪದಲ್ಲಿ ಅಡುಗೆಮನೆಗೆ ಹೋದೆ. ಆಟ. ಗೊತ್ತು. ಆದರೆ ಅಷ್ಟು ಬೇಗ ಹೇಳಿಬಿಟ್ಟನಲ್ಲ. ಚಹಾ ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು. ಇವತ್ತು ಹೇಳಬೇಕು ಅಂದುಕೊಂಡಿದ್ದೆ. ಇನ್ನು ಹೇಗೆ ಹೇಳಲಿ.

ಮಾರ್ಚ್ 13, ಸಂಜೆ

ಗೊತ್ತಿಲ್ಲದ ನಂಬರು. ಓಡಿ ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಬ್ಯಾಂಕಿನವರು, ಸಾಲ ಬೇಕಾ ಅಂತ. ಯಾರು ಎಂದು ತಲ್ಗಾತ್ ಕೇಳಿದ. ಪರದೆಯವರು ಅಂದೆ. ಬಾಗಿಲನ್ನೊಮ್ಮೆ, ನನ್ನನ್ನೊಮ್ಮೆ ನೋಡಿದ.

ಮಾರ್ಚ್ 17, ಭಾನುವಾರ

ಆಗಿಹೋಯಿತು.

ಕೋಟೆಯ ಹೊರಗೆ ಅವಳು ಇನ್ನೂ ಕೂತಿದ್ದಾಳೆ ಎಂದು ಚಿಕ್ಕ ಸಾಹೇಬ ಕಥೆ ಶುರು ಮಾಡಿದ. ರೊಟ್ಟಿ ತೆಗೆದುಕೊಂಡು ಅವಳ ಹತ್ತಿರ ಹೋಗುತ್ತೇನೆ ಅಂದೆ. ಹೊರಗೆ ಹೋದವರನ್ನು ಮತ್ತೆ ಬಿಟ್ಟುಕೊಳ್ಳುವುದಿಲ್ಲ ಎಂದು ತಲ್ಗಾತ್ ನೆನಪಿಸಿದ. ಬರುವುದಿಲ್ಲ ಅಂದೆ.

"ಹುಚ್ಚಾ ನಿನಗೆ? ಅವಳು ನಿನಗೇನಾಗಬೇಕು?"

"ಆ ಹೆಂಗಸು ನಾನೇ, ತಲ್ಗಾತ್."

ಮೊದಲು ಅರ್ಥವಾದದ್ದು ಲ್ಯೂಬಾಗೆ. ಶಾಲು ಎಳೆದುಕೊಂಡಳು, ಚಿಕ್ಕ ಸಾಹೇಬನ ತೋಳು ಹಿಡಿದು ಎಬ್ಬಿಸಿದಳು. ಆ ಗಡಿಬಿಡಿಯಲ್ಲೂ ಇಬ್ಬರೂ ಒಂದೊಂದು ಚೂರು ರೊಟ್ಟಿ ಬಾಯಿಗೆ ಹಾಕಿಕೊಂಡೇ ಹೋದರು.

ಎಲ್ಲ ಹೇಳಿದೆ. ಮಗು, ಅಳತೆ, ರಕ್ತ, ಅಕ್ಕ, ಅಮ್ಮ ಹಾಕುತ್ತಿದ್ದ ಬಾಗಿಲು. ಪೂರ್ತಿ ಕೇಳಿದ. ಕೋಟು ಹಾಕಿಕೊಂಡು ಹಿಮದಲ್ಲಿ ಹೊರಟುಹೋದ. ಇಷ್ಟೇನಾ? ಮೇಜಿನ ಮೇಲೆ ದಾಳಗಳು ಹಾಗೇ ಬಿದ್ದಿವೆ.

ಮಾರ್ಚ್ 19

ಎರಡು ದಿನ ಉಪ್ಪು ಕೊಡು, ಬೀಗದ ಕೈ ಎಲ್ಲಿ, ಅಷ್ಟೇ ಮಾತು. ಇವತ್ತು ಕೆಲಸದಿಂದ ಬಂದವನು ಶೂ ಕೂಡ ಬಿಚ್ಚದೆ ನಿಂತು ಕೇಳಿದ: "ನಿಮ್ಮಕ್ಕನ ಫೋಟೋ ಇದ್ಯಾ?"

ಪೆಟ್ಟಿಗೆಯ ತಳದಿಂದ ತೆಗೆದು ಕೊಟ್ಟೆ. ತುಂಬ ಹೊತ್ತು ನೋಡಿದ. ಆಮೇಲೆ ನಡುಮನೆಯಲ್ಲಿ, ಬಂದವರಿಗೆಲ್ಲ ಕಾಣುವ ಕಡೆ ಇಟ್ಟ. ಅತ್ತುಬಿಟ್ಟೆ.

ಕೇಳಿಯೂ ಬಿಟ್ಟೆ. ಫಲಿತಾಂಶ ಕೆಟ್ಟದಾಗಿ ಬಂದರೆ?

"ಗೊತ್ತಿಲ್ಲ ಕುರಲೈ. ನಂಗೂ ಭಯ."

ಸುಳ್ಳು ಹೇಳಲಿಲ್ಲ. ಅದಕ್ಕೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

ಮಾರ್ಚ್ 20, ಸಂಜೆ ನಾಲ್ಕು

ನಾಳೆಯಿಂದ ನೌರಿಜ್ ಹಬ್ಬದ ರಜೆ. ಇವತ್ತು ಫೋನ್ ಬರದಿದ್ದರೆ ಹಬ್ಬವೆಲ್ಲ ಹೀಗೇ ಕಾಯಬೇಕು. ತಲ್ಗಾತ್ ಬೇಗ ಬಂದಿದ್ದಾನೆ. ಕೇಳಿದರೆ ಕೆಲಸ ಕಡಿಮೆ ಇತ್ತು ಅಂದ. ಹಬ್ಬದ ಮುನ್ನಾದಿನ ಅವನ ಗೋದಾಮಿನಲ್ಲಿ ಕೆಲಸ ಕಡಿಮೆಯಂತೆ! ನಡುಮನೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾನೆ. ನಾನು ಒಳಕೋಣೆಯಲ್ಲಿ ಇದನ್ನು ಗೀಚುತ್ತ...

ಫೋನು. ಆಸ್ಪತ್ರೆಯದೇ. ಎದ್ದು ಬಾಗಿಲು ಹಾಕಲು ಹೋದೆ, ರೂಢಿ. ಹಾಕಲಾಗಲಿಲ್ಲ. ಸಂದಿಯಲ್ಲಿ ಅವನ ಕಾಲು.

"ತೆಗೆದೇ ಇರ್ಲಿ. ನಾನೂ ಕೇಳ್ತೀನಿ."

ಎತ್ತುವಷ್ಟರಲ್ಲಿ ನಿಂತುಹೋಯಿತು. ಮತ್ತೆ ಮಾಡುತ್ತಾರೆ ಅಂತ ಮಂಚದ ಮೇಲೆ ಪಕ್ಕದಲ್ಲೇ ಕೂತಿದ್ದಾನೆ. ಬಾಗಿಲು ಪೂರ್ತಿ ತೆರೆದಿದೆ, ಇಲ್ಲಿಂದ ಅಕ್ಕ ಕಾಣುತ್ತಾಳೆ. ನನ್ನ ಎಡಗೈ ಅವನ ಹತ್ತಿರ ಇದೆ, ಬಲಗೈಯಲ್ಲಿ ಬರೆಯುತ್ತಿ— ಬಂತು, ಬಂ