ಬೆತ್ತಲೆ ಉಳುಮೆ

ದ್ರೆನೋವಾ, ೧೪೩೭
ಸಂತ ಮಿಖಾಯಿಲನ ಹಬ್ಬಕ್ಕೆ ಹನ್ನೊಂದು ದಿನ ಮುಂಚೆ

ಮಗಳು ದೊಬ್ರಿಲಾಗೆ ದೊಡ್ಡಪ್ಪ ಪ್ರಿಬಿಲ್ ಮಾಡುವ ಆಶೀರ್ವಾದ.

ರಗೂಸಾದಿಂದ ನಿನ್ನ ಮೂರು ಪತ್ರ ಬಂದವು, ಒಂದಕ್ಕೂ ಉತ್ತರ ಬರೆಯಲಿಲ್ಲ. ತಪ್ಪಾಯಿತು. ಊರಲ್ಲಿ ಅಕ್ಷರ ಬಲ್ಲವರು ಪಾದ್ರಿ ಮತ್ತು ನಾನು, ಇಬ್ಬರೇ. ಪಾದ್ರಿ ಸುಗ್ಗಿಗೆ ಮುಂಚೆಯೇ ತೀರಿಕೊಂಡರು. ಈಗ ಈ ಕಣಿವೆಗೆಲ್ಲ ನಾನೊಬ್ಬನೇ ಪಂಡಿತ. ಮಾರಿಬೇನೆ ಅಂಟದಿರಲೆಂದು ಕಾಗದಕ್ಕೆ ಹೊಗೆ ಹಾಕಿ ಕಳಿಸುತ್ತಿದ್ದೇನೆ. ನಿನ್ನ ಗಂಡ ಓದಿ ಹೇಳುವ ಮೊದಲು ಇನ್ನೊಮ್ಮೆ ಒಲೆಯ ಮೇಲೆ ಹಿಡಿಯಲಿ.

ಮಾರಿ ಯಾಕೆ ಬಂತು ಎಂಬುದಕ್ಕೆ ಇಲ್ಲಿ ಮನೆಗೊಂದು ಮಾತು. ಪಾದ್ರಿ ಸಾಯುವತನಕ ಗ್ರಹಗಳನ್ನು ಬೈದರು. ಪಕ್ಕದ ಮನೆಯ ಸ್ತಾನಾ ಅಜ್ಜಿಯ ಪ್ರಕಾರ ಮಾರಿಯೆಂದರೆ ಒಬ್ಬಳು ಮುದುಕಿ, ಬೀಗಿತ್ತಿ ಎಂದು ಕರೆದರೆ ಸಂತೋಷಪಡುತ್ತಾಳಂತೆ. ಅಜ್ಜಿ ಬಾಗಿಲಲ್ಲಿ ಬಿಸಿನೀರು, ಬಾಚಣಿಗೆ ಇಟ್ಟು, "ತಲೆ ಬಾಚ್ಕೊಂಡು ಹೋಗು ಬೀಗಿತ್ತಿ, ಮುಂದಿನೂರಲ್ಲಿ ಊಟ ಚೆನ್ನಾಗಿರುತ್ತೆ" ಅನ್ನುತ್ತಾಳೆ. "ಅಜ್ಜಿ, ನಿನ್ ಬಾಚಣಿಗೆ ನೋಡಿದ್ರೆ ಸಾಕು, ಓಡ್ಹೋಗ್ತಾಳೆ" ಎಂದೆ. ಪೇಟೆಯಿಂದ ಬಂದ ಕ್ಷೌರಿಕ ಐದು ಜನರ ಕುತ್ತಿಗೆ, ಕಂಕುಳುಗಳ ಮಾರಿಗಂಟು ಕೊಯ್ದು ಸುಟ್ಟ ಈರುಳ್ಳಿ ಕಟ್ಟಿದ. ಬದುಕಿದ್ದು ಒಬ್ಬ. ಆ ಒಬ್ಬನನ್ನೇ ತೋರಿಸಿಕೊಂಡು ಊರೂರು ತಿರುಗುತ್ತಿದ್ದಾನೆ.

ಕೊನೆಗೆ ಹಿರಿಯರು ಹಳೆಯ ಕಟ್ಟಳೆ ತೆಗೆದರು: ಅವಳಿ ಸೋದರರು, ಅವಳಿ ಕರಿ ಎತ್ತುಗಳನ್ನು ಕಟ್ಟಿ, ಮೈಮೇಲೆ ನೂಲೆಳೆಯಿಲ್ಲದೆ, ಒಂದು ಮಾತೂ ಆಡದೆ ಊರ ಸುತ್ತ ಸಾಲು ಹೊಡೆಯಬೇಕು. ಆಮೇಲೆ ಆ ಸಾಲನ್ನು ಯಾರೂ ದಾಟಬಾರದು. ಅವಳಿಗಳೆಂದರೆ ಇಲ್ಲಿ ನಾನು ಮತ್ತು ನಿನ್ನಪ್ಪ ಬ್ರಾಯ್ಕೊ ಇಬ್ಬರೇ. ನಲವತ್ತೆಂಟು ವರ್ಷದ ಎರಡು ಹೊಟ್ಟೆಗಳು ಬೆಳಗಿನ ಚಳಿಯಲ್ಲಿ ಹೊರಟವು. ಎಲ್ಲರೂ ಬೆನ್ನು ತಿರುಗಿಸಿ ನಿಂತರೆ ಸ್ತಾನಾ ಅಜ್ಜಿ ಮಾತ್ರ ಇಣುಕಿ, "ಇದನ್ನ ನೋಡಿದ್ಮೇಲೆ ಮಾರಿ ಈ ಕಡೆ ತಲೆ ಹಾಕಲ್ಲ ಬಿಡು" ಅಂದಳು. ನಗು ನುಂಗಿಕೊಂಡು ನೇಗಿಲು ಹಿಡಿದೆ. ನಿನ್ನಪ್ಪ ಕೋಲು ಹಿಡಿದು ಮುಂದೆ ನಡೆದ. ದಾರ ಹಿಡಿದ ಹಾಗೆ ನೆಟ್ಟಗಿತ್ತು ಸಾಲು. ಮೂರು ಕಣಿವೆಯಲ್ಲಿ ನನ್ನಂತೆ ಉಳುವವನಿಲ್ಲ.

ಅಪ್ಪನನ್ನು ನೋಡಲು ಹಬ್ಬಕ್ಕೆ ಬರಲೇ ಎಂದು ಬರೆಸಿದ್ದೀಯ. ಬರಬೇಡ. ಗೋಧಿ ಹೊಲದಲ್ಲೇ ಉದುರಿದೆ. ಜನ ಒಬ್ಬರ ಮುಖ ಒಬ್ಬರು ನೋಡುವುದಿಲ್ಲ, ಕುತ್ತಿಗೆ ನೋಡುತ್ತಾರೆ.

ನಿನ್ನ ಒಲೆ ಆರದಿರಲಿ, ಮಡಿಲು ತುಂಬಲಿ.

ನಿನ್ನ ದೊಡ್ಡಪ್ಪ,
ಪ್ರಿಬಿಲ್

ಮರೆತ ಮಾತು: ಮರೆತದ್ದಲ್ಲ ಮಗಳೇ, ಮೇಲೆ ಬರೆಯಲು ಕೈ ಬರಲಿಲ್ಲ. ನಿನ್ನ ಗಂಡ ನಿನ್ನನ್ನು ಕೂರಿಸಿ ಇದನ್ನು ಓದಲಿ. ಉಳುವಾಗ ಬ್ರಾಯ್ಕೊ ಕೋಲೆತ್ತಿದ. ಕಂಕುಳಲ್ಲಿ ಗಂಟಿತ್ತು. ಬಟ್ಟೆ ಇದ್ದಿದ್ದರೆ ನನಗೆ ಕಾಣುತ್ತಿರಲಿಲ್ಲ. ನಾನು ಕಂಡದ್ದು ಅವನಿಗೂ ತಿಳಿಯಿತು. ಇಬ್ಬರೂ ಮಾತಾಡುವಂತಿರಲಿಲ್ಲ. ಸಾಲು ಕೂಡುವಲ್ಲಿ ಎತ್ತುಗಳನ್ನು ಒಳಕ್ಕೆ ತಿರುಗಿಸಿ, ಅವನನ್ನು ಹೊರಗೆ ಬಿಟ್ಟು ಮುಚ್ಚಿದೆ. ಅವನು ಅಲ್ಲೇ ನಿಂತ. ಆಮೇಲೆ ಸಾಲಿನಾಚೆಯ ಕುರಿದೊಡ್ಡಿಯಲ್ಲಿ ಮಲಗಿದವನು ಮತ್ತೆ ಏಳಲಿಲ್ಲ. ರೊಟ್ಟಿ ಎಸೆಯುತ್ತಿದ್ದೆ. ಮೂರು ದಿನ, "ಅಣ್ಣ, ಒಂದ್ಸಲ ಈ ಕಡೆ ಬಾರೋ" ಎಂದು ಕರೆದ. ನಾನು ದಾಟಲಿಲ್ಲ. ಸಾಲಿನೊಳಗೂ ಆಮೇಲೆ ಒಂಬತ್ತು ಜನ ಸತ್ತರು. ನಾಲ್ಕನೆಯ ದಿನ ನನ್ನನ್ನು ಕರೆಯುವುದು ಬಿಟ್ಟು ನಿನ್ನನ್ನು ಕೇಳಿದ. ಬರಲೇ ಎಂದು ನೀನು ಬರೆಸಿದ ಪತ್ರ ಆಗ ನನ್ನ ನಡುಪಟ್ಟಿಯಲ್ಲೇ ಇತ್ತು. "ಹೊರಟಿದ್ದಾಳೆ ಕಣೋ, ದಾರೀಲಿದ್ದಾಳೆ" ಎಂದು ಈಚೆಯಿಂದ ಕೂಗಿದೆ. "ಹಂಗಾದ್ರೆ ಕಾಯ್ತೀನಿ" ಅಂದ.